ರಾಗಿ ಬಿತ್ತಿದ ಗಾಡಿದಾರಿ

ಹೆಂಗಸೊಬ್ಬಳು ಪಿಕಪ್ ಓಡಿಸಿಕೊಂಡು ಬಂದು ನಾಲ್ಕೂ ಟೈರು ಬದಲಾಯಿಸಿ ಎಂದಾಗ, ಹಾಸನದ ಟೈರ್ ಅಂಗಡಿಯ ಗೌರೀಶಂಕರ ಮೊದಲು ಮಾಡಿದ ಕೆಲಸವೆಂದರೆ ಗಾಡಿಯ ಆ ಕಡೆ ಬಾಗಿಲಿನಿಂದ ಯಾರಾದರೂ ಗಂಡಸು ಇಳಿಯುತ್ತಾನೋ ಎಂದು ಕತ್ತು ಉದ್ದ ಮಾಡಿ ನೋಡಿದ್ದು. ಯಾರೂ ಇಳಿಯಲಿಲ್ಲ. ಇದ್ದರೆ ತಾನೇ ಇಳಿಯುವುದು. ಮಲ್ಲಿಪಟ್ಟಣದ ಆಚೆಯ ಊರಿನಿಂದ ದಿನಾ ಹಾಸನದ ಮಾರ್ಕೆಟ್ಟಿಗೆ ಬೀನ್ಸು, ಹೀರೇಕಾಯಿ, ಹಸಿಮೆಣಸಿನಕಾಯಿ ತುಂಬಿ ತರುವ ಆ ಗಾಡಿಯನ್ನು ವರ್ಷಗಳಿಂದ ಓಡಿಸುತ್ತಿರುವವಳು ಸೌಜನ್ಯಳೇ. ಅವಳ ಗಂಡ ರವೀಂದ್ರ ಬೆಳೆ ಬೆಳೆಯುವುದರಲ್ಲಿ ಗಟ್ಟಿಗ, ಸ್ಟೇರಿಂಗ್ ಮುಂದೆ ಕೂರಿಸಿದರೆ ಮಾತ್ರ ಅಂಗೈ ಬೆವರುತ್ತದೆ.

ಅವಳು ಬೆರಳು ಮಾಡಿ ತೋರಿಸಿದ ಟೈರು ಮಾಮೂಲಿಯದಲ್ಲ. ಅಂಚಿನವರೆಗೂ ದಪ್ಪ ದಪ್ಪ ಕಚ್ಚುಗಳಿದ್ದ, ಡಾಂಬರಿಗೂ ಕೆಸರಿಗೂ ಆಗುವ ಆಲ್ ಟೆರೇನ್ ಟೈರು.

"ದಿನಾ ಲೋಡ್ ಹೊಡೆಯೋ ಗಾಡಿಗೆ ಇದ್ಯಾಕಮ್ಮ?" ಎಂದ ಗೌರೀಶಂಕರ. "ಇದನ್ನ ಎಸ್ಟೇಟ್‌ನೋರು ಜೀಪಿಗೆ ಹಾಕಿಸ್ಕೋತಾರೆ. ನಿಮ್ಮ ಕಡೆ ಅಂಥಾ ಗುಡ್ಡ ಏನಿಲ್ವಲ್ಲ."

"ಗುಡ್ಡ ಇಲ್ಲ ಸಾ. ದಾಯಾದಿ ಅವ್ರೆ," ಎಂದಳು ಸೌಜನ್ಯ.

ಅವನು ನಕ್ಕ. ಅವಳು ನಗದಿದ್ದುದನ್ನು ನೋಡಿ ಜಾಕ್ ತರಿಸಿದ. ಟೈರು ಕೂರಿಸಿ ಆದ ಮೇಲೆ, "ಇದಕ್ಕೆ ಗಾಳಿ ಸ್ವಲ್ಪ ಹದವಾಗಿರ್ಬೇಕು, ಕೆಸರಿಗೆ ಇಳಿಸೋದಾದ್ರೆ ಇನ್ನೂ..." ಎಂದು ಏನೋ ಹೇಳಹೊರಟ. ಸೌಜನ್ಯ ಬಿಡಲಿಲ್ಲ. "ಕಲ್ಲಿದ್ದಂಗಿರ್ಲಿ ಸಾ," ಎಂದಳು. ನಮ್ಮ ಕಡೆ ಪಿಕಪ್ ಇಟ್ಟವರಿಗೆಲ್ಲ ಅದೇ ವೇದ. ಟೈರಿಗೆ ಒದ್ದರೆ ಕಾಲು ನೋಯಬೇಕು, ಆಗ ಅದು ಗಾಳಿ. ಅವನು ಭುಜ ಕುಣಿಸಿ ಕಲ್ಲಿನ ಹಾಗೆಯೇ ತುಂಬಿಕೊಟ್ಟ.

ದಾಯಾದಿಯ ವಿಷಯಕ್ಕೆ ಬರೋಣ. ಊರಿನಿಂದ ಸೌಜನ್ಯಳ ಮನೆಗೆ, ಅದರ ಆಚೆಯ ಇನ್ನೂ ಮೂರು ಮನೆಗಳಿಗೆ ಇದ್ದದ್ದು ಒಂದೇ ಗಾಡಿದಾರಿ. ಕೂಗಳತೆಯಷ್ಟು ಉದ್ದ, ಅಷ್ಟೇ. ಆ ದಾರಿಯ ಬಲಗಡೆಯ ಹೊಲ ಮೊದಲಿನಿಂದಲೂ ದೇವರಾಜುವಿನದು. ರವೀಂದ್ರನ ದೊಡ್ಡಪ್ಪನ ಮಗ ಅವನು, ಸೌಜನ್ಯಳಿಗೆ ಭಾವ ಆಗಬೇಕು. ಹೋದ ವರ್ಷ ಎಡಗಡೆಯ ಹೊಲವನ್ನೂ ಕೊಂಡ. ಕೊಂಡವನು ಸುಮ್ಮನಿದ್ದನೇ? ನಡುವೆ ಬೈತಲೆಯ ಹಾಗೆ ಹಾದುಹೋದ ದಾರಿ ಅವನ ಕಣ್ಣಿಗೆ ಚುಚ್ಚತೊಡಗಿತು. ಮುಂಗಾರಿನ ಮೊದಲ ಹದ ಮಳೆ ಬಿದ್ದದ್ದೇ ತಡ, ಎರಡು ಹೊಲದ ಜೊತೆಗೆ ದಾರಿಯನ್ನೂ ಸೇರಿಸಿ ಟ್ರ್ಯಾಕ್ಟರಿನಲ್ಲಿ ಉತ್ತುಬಿಟ್ಟ. ಕೇಳಿದರೆ, "ಗಾಡಿದಾರಿ ಗಾಡಿದಾರಿ ಅಂತೀರಲ್ಲ, ಊರಲ್ಲಿ ಎತ್ತಿನ ಗಾಡಿ ಎಲ್ಲೈತೆ ತೋರ್ಸಿ," ಎಂದ.

ನಮ್ಮೂರಲ್ಲಿ ಒಂದು ಮಾತಿದೆ: ಗಾಲಿ ಓಡಿದ್ದು ದಾರಿ, ನೇಗಿಲು ಓಡಿದ್ದು ಹೊಲ. ಒಂದು ಮಳೆಗಾಲ ಆ ನೆಲದ ಮೇಲೆ ಗಾಲಿ ಉರುಳಲಿಲ್ಲವೋ, ಮುಗಿಯಿತು. ಆಮೇಲೆ ಊರಿನ ಹಿರಿಯರೇ, "ಬುಡ್ರಪ್ಪ ಅತ್ಲಾಗೆ, ಅದು ಹೊಲವೇ ಆಗೋಯ್ತಲ್ಲ," ಎಂದು ಎಲೆ ಅಡಿಕೆ ಉಗಿದು ಎದ್ದು ಹೋಗುತ್ತಾರೆ. ತಾಲ್ಲೂಕು ಕಚೇರಿಯ ನಕಾಶೆಯಲ್ಲಿ ದಾರಿ ಇದೆ, ನಿಜ. ಸರ್ವೆಯವರು ಚೈನು ಹಿಡಿದು ಬರುವಷ್ಟರಲ್ಲಿ ದೇವರಾಜು ನಾಲ್ಕು ಬೆಳೆ ತೆಗೆದಿರುತ್ತಾನೆ.

ದಾರಿ ಉತ್ತ ದಿನ ಸಂಜೆ ಸೌಜನ್ಯಳ ಗಾಡಿ ಅಲ್ಲೇ ಹೂತುಕೊಂಡಿತು. ಟೈರು ಸವೆದು ಅಂಗೈನಷ್ಟು ನುಣ್ಣಗಾಗಿತ್ತು. ನಾಲ್ಕು ಜನ ಹಗ್ಗ ಕಟ್ಟಿ ಊರ ಕಡೆಗೆ ಎಳೆದು ಹಾಕಿದರು. ಬದುವಿನ ಮೇಲೆ ನಿಂತಿದ್ದ ದೇವರಾಜು, "ಬುಡವ್ವ, ಗಾಡಿಗೂ ಗೊತ್ತಾಯ್ತು ಇದು ಹೊಲ ಅಂತ," ಎಂದು ಹಲ್ಲು ಕಿರಿದ.

ರವೀಂದ್ರ ಜಗಳವೆಂದರೆ ಆಗದವನು. "ಗಾಡಿ ಊರೊಳಗೇ ನಿಲ್ಸನ ಕಣೆ. ಮೂಟೆಗಳ್ನ ಕೆರೆ ಏರಿ ಮ್ಯಾಲೆ ತಲೆ ಮೇಲೆ ಹೊತ್ಕಂಡು ಸಾಗ್ಸನ. ಒಡಹುಟ್ಟಿದೋನಿದ್ದಂಗೆ ಅವ್ನೆ, ನಿಷ್ಠುರ ಯಾಕೆ," ಎಂದ. ಸೌಜನ್ಯಳಿಗೆ ಮೈ ಉರಿದುಹೋಯಿತು.

"ಇವತ್ತು ಬೀನ್ಸು ತಲೆ ಮೇಲೆ. ನಾಳೆ ಗೊಬ್ರ ತಲೆ ಮೇಲೆ. ನಾಡಿದ್ದು ಅತ್ತೆಗೆ ಹುಷಾರಿಲ್ದೆ ಹೋದ್ರೆ ಅವ್ರನ್ನೂ ತಲೆ ಮೇಲೆ ಹೊತ್ಕತೀರಾ?"

ಒಲೆಯ ಮುಂದೆ ಕೂತಿದ್ದ ಅತ್ತೆ ಬೆಟ್ಟಮ್ಮ, "ನನ್ನ ಯಾರೂ ಹೊರಬ್ಯಾಡ್ರಪ್ಪ. ನಾನು ಗಾಡೀಲೇ ಓಯ್ತೀನಿ," ಎಂದಳು. ಅಲ್ಲಿಗೆ ತೀರ್ಮಾನವಾಯಿತು.

ಹೊಸ ಟೈರಿನ ಗಾಡಿಯನ್ನು ಸೌಜನ್ಯ ನೇರ ಊರಿಗೆ ತರಲಿಲ್ಲ. ಹೊಳೆನರಸೀಪುರದಲ್ಲಿ ಒಬ್ಬರಿಗೆ ತೆಂಗಿನ ಸಸಿ ಇಳಿಸಬೇಕಿತ್ತು, ಅಲ್ಲಿಂದ ಅರಕಲಗೂಡಿನ ಮೇಲೆ ಬಂದಳು. ಡಾಂಬರಿನ ಮೇಲೆ ಟೈರು ಜೇನುಗೂಡಿನ ಹಾಗೆ ಗುಂಯ್ ಎಂದು ಗುನುಗುತ್ತಿತ್ತು. ತಿರುವಿನಲ್ಲಿ ಸ್ಟೇರಿಂಗು ಹಿಂದಿಗಿಂತ ಭಾರ. ಡೀಸೆಲ್ಲನ್ನೂ ಒಂದು ಗುಟುಕು ಜಾಸ್ತಿಯೇ ಕುಡಿಯುತ್ತದೆ ಎಂದು ಅವಳಿಗೆ ಗೊತ್ತಾಯಿತು. ಆದರೆ ಮಳೆ ಬಿದ್ದ ರಸ್ತೆಯಲ್ಲಿ ಬ್ರೇಕು ಒತ್ತಿದರೆ ಗಾಡಿ ಒತ್ತಿದಲ್ಲೇ ನಿಲ್ಲುತ್ತಿತ್ತು. ಹಳೇ ಟೈರಿನಲ್ಲಿ ಅದು ನಾಲ್ಕು ಮಾರು ಯೋಚನೆ ಮಾಡಿ ನಿಲ್ಲುತ್ತಿತ್ತು. ಅರಕಲಗೂಡಿನ ಟೀ ಅಂಗಡಿ ಮುಂದೆ ನಿಲ್ಲಿಸಿದಾಗ, ಅವಳ ಹಾಗೆಯೇ ಪಿಕಪ್ ಓಡಿಸುವ ಭೀಮ ಗಾಡಿಯನ್ನು ಒಂದು ಸುತ್ತು ಹಾಕಿ ನೋಡಿದ.

"ಏನಕ್ಕ, ಟ್ರ್ಯಾಕ್ಟರ್ ಟೈರ್ ಹಾಕ್ಸಿದೀಯ? ಹೊಲ ಉಳಕೋಯ್ತೀಯಾ?"

"ಉತ್ತಿರೋದನ್ನ ದಾರಿ ಮಾಡಕೋಯ್ತೀನಿ ಕಣೋ," ಎಂದಳು.

ಊರ ಬಾಗಿಲಿಗೆ ಬರುವಷ್ಟರಲ್ಲಿ ಬೆಟ್ಟಮ್ಮ ಸೆರಗಿನಲ್ಲಿ ನಾಲ್ಕು ನಿಂಬೆಹಣ್ಣು ಕಟ್ಟಿಕೊಂಡು ಏರಿಯ ಮೇಲೆ ನಡೆದು ಬಂದು ಕಾಯುತ್ತಿದ್ದಳು. ಒಂದೊಂದು ಟೈರಿಗೂ ಕುಂಕುಮ ಇಟ್ಟು, ಒಂದೊಂದರ ಕೆಳಗೂ ಒಂದೊಂದು ಹಣ್ಣು ಇಟ್ಟು, ತಾನೇ ಬಾಗಿಲು ತೆಗೆದು ಮುಂದಿನ ಸೀಟಿಗೆ ಏರಿ ಕೂತಳು. "ನೀವ್ಯಾಕತ್ತೆ, ಎತ್ತಾಕ್ತದೆ," ಎಂದರೆ, "ಎತ್ತಾಕ್ಲಿ ಬುಡು," ಎಂದಳು. ನಿಂಬೆಹಣ್ಣು ಚಿಟ್ಟನೆ ಅಪ್ಪಚ್ಚಿಯಾದವು. ಎದುರಿಗೆ ಉತ್ತ ನೆಲ, ಹಿಂದಿನ ರಾತ್ರಿಯ ಮಳೆಗೆ ನೆಂದು ಹಿಟ್ಟಿನ ಹಾಗೆ ಮೆತ್ತಗೆ ಬಿದ್ದಿತ್ತು.

ಸೌಜನ್ಯ ಎರಡನೇ ಗೇರಿನಲ್ಲಿ ಇಳಿಸಿದಳು. ಗಾಡಿ ಒಮ್ಮೆ ಮುಗ್ಗರಿಸಿತು, ಹಿಂಭಾಗ ಅತ್ತ ಒಂದು ಸಲ ಇತ್ತ ಒಂದು ಸಲ ಬಾಲ ಆಡಿಸಿತು, ಕೆಸರು ಗಾಜಿನವರೆಗೂ ಹಾರಿತು. ಆಮೇಲೆ ಕಚ್ಚುಗಳು ಕೆಳಗಿನ ಗಟ್ಟಿ ಮಣ್ಣನ್ನು ಹಿಡಿದವು. ಕಾಲನ್ನು ಆಕ್ಸಿಲರೇಟರ್ ಮೇಲಿಂದ ಎತ್ತದೆ, ಒಂದೇ ಸಮನೆ, ಆ ಕೊನೆ ಮುಟ್ಟಿಸಿದಳು. ಇಳಿದು ತಿರುಗಿ ನೋಡಿದರೆ ಹಿಂದೆ ಎರಡು ಗೆರೆ. ಅಂಥ ಖುಷಿ ಅವಳಿಗೆ ಮದುವೆಯ ದಿನವೂ ಆಗಿರಲಿಲ್ಲವಂತೆ. ರವೀಂದ್ರನ ಎದುರಿಗೇ ಹೇಳಿದಳು.

ಮಾರನೆಯ ದಿನ ದೇವರಾಜು ಮತ್ತೆ ಟ್ರ್ಯಾಕ್ಟರ್ ಇಳಿಸಿ ಆ ಗೆರೆ ಎರಡನ್ನೂ ಅಳಿಸಿದ. ಸಂಜೆ ಇವಳು ಮತ್ತೆ ಬರೆದಳು. ಅವನು ಅಳಿಸುವುದು, ಇವಳು ಬರೆಯುವುದು, ಹೀಗೇ ನಡೆಯಿತು. ಟೈರಿನ ಮುಂದೆ ನೇಗಿಲಿನ ಆಟ ನಡೆಯುವುದಿಲ್ಲ ಎಂದು ಅವನಿಗೆ ಅರ್ಥವಾಯಿತು. ಅರ್ಥವಾದ ಮೇಲೆ ಅವನು ಮಾಡಿದ ಕೆಲಸ ಇದೆಯಲ್ಲ, ಅದನ್ನು ಸೌಜನ್ಯ ಕನಸಿನಲ್ಲೂ ಎಣಿಸಿರಲಿಲ್ಲ. ಎರಡೂ ಹೊಲಕ್ಕೆ, ನಡುವಿನ ದಾರಿಗೆ, ಎಲ್ಲಕ್ಕೂ ಒಟ್ಟಿಗೆ ರಾಗಿ ಚೆಲ್ಲಿಬಿಟ್ಟ.

ಊರಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮೊಳೆತ ಪೈರನ್ನು ನಮ್ಮಲ್ಲಿ ಯಾರೂ ತುಳಿಯುವುದಿಲ್ಲ. ಕಳ್ಳ ಬಂದರೂ ಬದುವಿನ ಮೇಲೆ ಓಡಿಹೋಗುತ್ತಾನೆ. ರಾಗಿಯ ಮೇಲೆ ಗಾಲಿ ಹತ್ತಿಸಿದವರ ಮನೆಯ ನೀರನ್ನೂ ಜನ ಮುಟ್ಟುವುದಿಲ್ಲ. ದೇವರಾಜು ಅರಳಿಕಟ್ಟೆಯ ಮೇಲೆ ಕೂತು ಎಲ್ಲರಿಗೂ ಕೇಳುವ ಹಾಗೆ, "ಇನ್ನೈದಾರು ದಿನ ಅಷ್ಟೆ. ಪೈರು ಮ್ಯಾಕೆದ್ದ್ ಮೇಲೆ ಯಾರು ಗಾಲಿ ಅತ್ತುಸ್ತಾರೋ ನೋಡನ," ಎಂದ. ಹಿರಿಯ ತಮ್ಮಯ್ಯ ಪಕ್ಕದಲ್ಲೇ ಇದ್ದ. ಅಡ್ಡಗೋಡೆಯ ಮೇಲೆ ದೀಪ ಇಡುವುದರಲ್ಲಿ ಅವನನ್ನು ಮೀರಿಸಿದವರಿಲ್ಲ. "ಪೈರು ಅಂದ್ರೆ ಪೈರೇ ಕಣಪ್ಪ," ಎಂದ.

ಆ ದಿನ ಸೌಜನ್ಯ ಮುದ್ದೆ ಮುರಿಯದೆ ತಟ್ಟೆಯ ಮುಂದೆ ಕೂತಿದ್ದಳು. ಹೆದರಿಕೆಯಾಯಿತು, ನಿಜವಾಗಿಯೂ ಹೆದರಿಕೆಯಾಯಿತು. ಕೆಸರಾದರೆ ಟೈರಿದೆ. ಪೈರಿಗೆ ಯಾವ ಅಂಗಡಿಯಲ್ಲಿ ಟೈರು ಸಿಗುತ್ತದೆ? ಸಾಲಗಾಮೆಯ ತವರಿನಲ್ಲಿ, ಚಿಕ್ಕವಳಿದ್ದಾಗ ಚಪ್ಪಲಿ ಹಾಕಿಕೊಂಡು ಹೊಲಕ್ಕೆ ಇಳಿದದ್ದಕ್ಕೆ ಅಪ್ಪ ಕೆನ್ನೆಗೆ ಬಾರಿಸಿದ್ದ. ಹಸಿರು ಕಂಡ ಮೇಲೆ ಅವಳ ಕಾಲೇ ಬ್ರೇಕಿನ ಮೇಲೆ ಹೋಗುತ್ತದೆ, ಅದು ಅವಳಿಗೆ ಗೊತ್ತು. ದೇವರಾಜುವಿಗೂ ಗೊತ್ತು. ಅವಳು ಕೆಟ್ಟವಳಲ್ಲ ಎನ್ನುವುದನ್ನೇ ಹಿಡಿದು ಅವಳಿಗೆ ಬೇಲಿ ಹಾಕಿದ್ದ. ಅದೇ ಅವಳಿಗೆ ಹೆಚ್ಚು ಉರಿದದ್ದು.

"ಅತ್ತೆ, ಬಿತ್ತಿದ್ದು ಪೈರಾ?" ಎಂದು ಕೇಳಿದಳು.

"ಬಿತ್ತಿದ್ದು ಬೀಜ ಕಣವ್ವ. ಮೊಳ್ತರೆ ಪೈರು."

"ಮೊಳೀದೆ ಇದ್ರೆ?"

ಬೆಟ್ಟಮ್ಮ ಸೊಸೆಯ ಮುಖ ನೋಡಿದಳು. "ಮೊಳೀದೆ ಇದ್ರೆ ಮಣ್ಣು," ಎಂದು, ಅವಳ ತಟ್ಟೆಗೆ ಇನ್ನೊಂದು ಸೌಟು ಸಾರು ಬಿಟ್ಟಳು. "ಉಣ್ಣು. ಬೆಳಗ್ಗೆ ಬೇಗ ಎದ್ದು ಓಡ್ಸು."

ಬೆಳಿಗ್ಗೆಯಿಂದ ಶುರುವಾಯಿತು. ಲೋಡು ಇರಲಿ ಬಿಡಲಿ, ಹೊತ್ತು ಮೂಡಿದಾಗ ಒಂದು ಸಲ, ಮುಳುಗುವ ಮುಂಚೆ ಒಂದು ಸಲ, ಆ ಕೊನೆಯಿಂದ ಈ ಕೊನೆಗೆ. ಅದೂ ಎಲ್ಲೆಂದರಲ್ಲಿ ಅಲ್ಲ. ಬಿತ್ತಿದ ಮೇಲೆ ಮೊದಲ ಸಲ ಮೂಡಿದ ಎರಡು ಗೆರೆಗಳ ಮೇಲೇ, ಒಂದು ಗೇಣೂ ಆಚೀಚೆ ಆಗದ ಹಾಗೆ. ದಿನಾ ಗಾಲಿ ಒತ್ತಿದ ನೆಲದಲ್ಲಿ ಬೀಜ ಮೊಳೆಯುವುದಿಲ್ಲ, ಒಂದು ದಿನ ತಪ್ಪಿದರೆ ಗೆರೆಯೊಳಗೆ ಮೊಳಕೆ ಏಳುತ್ತದೆ. ಎದ್ದರೆ ದಾರಿ ಹೋಯಿತು. ಅದಕ್ಕೇ ಚನ್ನರಾಯಪಟ್ಟಣದಲ್ಲಿ ನಾದಿನಿಯ ಮನೆಯ ಗೃಹಪ್ರವೇಶಕ್ಕೆ ಹೋದವಳು ಊಟದ ಎಲೆ ಹಾಕುವ ಮುಂಚೆ ಎದ್ದು ಬಂದಳು. ನಾದಿನಿ ಎರಡು ದಿನ ಫೋನ್ ಎತ್ತಲಿಲ್ಲ.

ದೇವರಾಜು ದಿನಾ ನೋಡುತ್ತಿದ್ದ. ಬಿತ್ತಿ ಆಗಿತ್ತು, ಮತ್ತೆ ಉಳುವ ಹಾಗಿಲ್ಲ. ಓಡಿಸಿಕೊಳ್ಳಲಿ ಬಿಡು, ಮೊಳಕೆ ಬಂದ ದಿನ ತಾನೇ ನಿಲ್ಲಿಸುತ್ತಾಳೆ ಎಂದು ಅವನ ಲೆಕ್ಕ.

ನಾಲ್ಕನೆಯ ದಿನ ಮಳೆ ಹೊಡೆಯಿತು ನೋಡಿ, ಆಕಾಶಕ್ಕೇ ತೂತು ಬಿದ್ದ ಹಾಗೆ. "ಇವತ್ತೊಂದಿನ ಬ್ಯಾಡ ಕಣೆ," ಎಂದ ರವೀಂದ್ರ. ಸೌಜನ್ಯ ಕಿವಿಗೇ ಹಾಕಿಕೊಳ್ಳಲಿಲ್ಲ. ದಾರಿಯ ನಡುಭಾಗದಲ್ಲಿ ಸ್ವಲ್ಪ ತಗ್ಗು, ಅಲ್ಲಿ ನೀರು ನಿಂತು ಕೆಂಪು ಜೇಡಿ ಅಂಟಿನ ಹಾಗಾಗಿತ್ತು. ಆ ಜಾಗಕ್ಕೆ ಬಂದ ಗಾಡಿ ನಿಂತೇಬಿಟ್ಟಿತು. ಹಿಂದಿನ ಎರಡು ಗಾಲಿ ಬರಿದೇ ತಿರುಗಿದವು. ಇಳಿದು ನೋಡಿದರೆ ಟೈರಿನ ಕಚ್ಚುಗಳೆಲ್ಲ ಮಣ್ಣು ಮೆತ್ತಿಕೊಂಡು ಬೆಲ್ಲದ ಅಚ್ಚಿನಷ್ಟು ನುಣ್ಣಗಾಗಿದ್ದವು. ಇನ್ನೊಂದು ಸಲ ಜೋರು ಮಾಡಿದರೆ ಗಾಡಿ ಪಕ್ಕಕ್ಕೆ ಜಾರಿ ಗೆರೆ ಕೆಡುತ್ತಿತ್ತು.

ದೇವರಾಜು ಎಲ್ಲಿ ಕಾದಿದ್ದನೋ, ಟ್ರ್ಯಾಕ್ಟರ್ ಹತ್ತಿ ದಾರಿಯ ಆ ಕೊನೆಗೆ ಬಂದು ನಿಲ್ಲಿಸಿದ. ಹಗ್ಗ ಹಿಡಿದು ಇಳಿದು ಗಾಡಿಯ ಹತ್ತಿರ ನಡೆದು ಬಂದ.

"ಎಳೆದಾಕ್ತೀನಿ ಕಣವ್ವ, ನಾನೇನ್ ಹೊರಗ್ನೋನಾ? ಒಂದೇ ಒಂದು ಮಾತು ಕೊಡು. ನಾಳೆಯಿಂದ ಈ ಕಡೆ ಗಾಡಿ ತರಲ್ಲ ಅಂತ."

"ಇಲ್ಲೇ ಕೊಳೀಲಿ ಭಾವ, ಮಾತು ಕೊಡಲ್ಲ," ಎಂದಳು ಸೌಜನ್ಯ. ಮಳೆಯಲ್ಲಿ ಅವಳ ಕಣ್ಣೀರು ಯಾರಿಗೂ ಕಾಣಲಿಲ್ಲ. ಅಳುತ್ತಿದ್ದದ್ದಂತೂ ಹೌದು, ಸಿಟ್ಟಿಗೆ.

ಅಷ್ಟರಲ್ಲಿ ಗೋಣಿಚೀಲ ತಲೆಗೆ ಕೊಪ್ಪೆ ಹಾಕಿಕೊಂಡು ರವೀಂದ್ರ ಗೆರೆಯ ಮೇಲೇ ಓಡಿ ಬಂದ. ಬಂದವನು ಟೈರು ಒದ್ದು ನೋಡಿ, "ಏನೇ ಇದು, ಇಷ್ಟು ಗಟ್ಟಿ," ಎಂದು ಕಾಲು ಹಿಡಿದುಕೊಂಡ. ಆಗ ಸೌಜನ್ಯಳಿಗೆ ಟೈರ್ ಅಂಗಡಿಯವನ ಅರ್ಧ ಮಾತು ನೆನಪಾಯಿತು. ಕೆಸರಿಗೆ ಇಳಿಸೋದಾದ್ರೆ ಇನ್ನೂ ಎಂದನಲ್ಲ, ಇನ್ನೂ ಕಮ್ಮಿ ಎನ್ನಲು ಹೊರಟಿದ್ದ. ಹೇಳಲು ಬಿಟ್ಟಿದ್ದರೆ ತಾನೇ. ತಪ್ಪು ತನ್ನದೇ. ಕಲ್ಲಿನಷ್ಟು ಬಿಗಿದ ಟೈರು ಕಲ್ಲಿನ ಹಾಗೇ ಮುಳುಗುತ್ತದೆ.

ಅವಳು ಹಿಂದಿನ ಟೈರಿನ ಮುಂದೆ ಕುಕ್ಕರಗಾಲಲ್ಲಿ ಕೂತು, ಗಾಡಿಯ ಕೀ ತುದಿಯಿಂದ ವಾಲ್ವು ಒತ್ತಿದಳು. ಗಾಳಿ ಬುಸ್ಸೆಂದಿತು.

"ಗಾಳಿ ಬುಟ್ರೆ ರಿಮ್ಮೇ ಮುರಿದೋಯ್ತದೆ," ಎಂದು ದೇವರಾಜು ಗಹಗಹಿಸಿದ. "ರವೀಂದ್ರ, ಹೇಳ್ಲಾ ನಿನ್ನ ಎಡ್ತಿಗೆ. ತಗ ಈ ಹಗ್ಗ."

ರವೀಂದ್ರ ಇನ್ನೊಂದು ಗಾಲಿಯ ಮುಂದೆ ಕೂತಿದ್ದ. ಅವನು ತಲೆ ಎತ್ತಿ, ಜೀವಮಾನದಲ್ಲಿ ಮೊದಲ ಸಲ ಅಣ್ಣನ ಮುಖಕ್ಕೆ ನೇರವಾಗಿ ಹೇಳಿದ: "ನಿನ್ನ ಹಗ್ಗ ನೀನೇ ಇಟ್ಕಳಣ್ಣ." ಹೇಳಿ ಮತ್ತೆ ತಲೆ ಬಗ್ಗಿಸಿ ವಾಲ್ವು ಒತ್ತಿದ.

ಟೈರುಗಳ ಹೊಟ್ಟೆ ನೆಲಕ್ಕೆ ಅಗಲವಾಗಿ ಕೂತ ಮೇಲೆ, ಕಚ್ಚುಗಳೊಳಗಿನ ಮಣ್ಣನ್ನು ಕಡ್ಡಿಯಲ್ಲಿ ಕೆದಕಿ, ಸೌಜನ್ಯ ಮೊದಲನೇ ಗೇರು ಹಾಕಿ ಕ್ಲಚ್ಚನ್ನು ಉಸಿರು ಬಿಡುವಷ್ಟು ನಿಧಾನ ಬಿಟ್ಟಳು. ಗಾಡಿ ಒಂದು ಸಲ ನಡುಗಿತು. ಆಮೇಲೆ ಮುದಿ ಎಮ್ಮೆ ಕೆರೆಯಿಂದ ಏಳುವ ಹಾಗೆ, ಯಾವ ಅವಸರವೂ ಇಲ್ಲದೆ, ಎದ್ದು ಬಂತು. ಗೆರೆ ಒಂದಿಷ್ಟೂ ಕೆಡಲಿಲ್ಲ. ದೇವರಾಜು ಓಡಿಹೋಗಿ ಟ್ರ್ಯಾಕ್ಟರನ್ನು ಹಿಂದಕ್ಕೆ ತೆಗೆದು ಜಾಗ ಬಿಡಲೇಬೇಕಾಯಿತು. ಅಷ್ಟಕ್ಕೇ ಸುಮ್ಮನಿರದೆ ಅವಳು ತಿರುಗಿಸಿಕೊಂಡು ಇನ್ನೊಂದು ಸಲ ಹೋಗಿ ಬಂದಳು. ಅದು ಬೇಕಾಗಿರಲಿಲ್ಲ, ಅವನ ಹೊಟ್ಟೆ ಉರಿಸಲು ಮಾಡಿದ್ದು.

ಮಳೆ ನಿಂತು ಎಳೆಬಿಸಿಲು ಬಿದ್ದ ಮಾರನೆಯ ದಿನ ಏನೂ ಕಾಣಲಿಲ್ಲ. ಅದರ ಮಾರನೆಯ ಬೆಳಿಗ್ಗೆ ರಾಗಿ ಎದ್ದಿತ್ತು.

ದೇವರಾಜು ಅಂದು ಒಬ್ಬನೇ ಬರಲಿಲ್ಲ. ಪೈರು ತುಳಿಯುವವಳನ್ನು ಕಣ್ಣಾರೆ ನೋಡಲಿ ಎಂದು ತಮ್ಮಯ್ಯನನ್ನೂ ಇನ್ನಿಬ್ಬರು ಹಿರಿಯರನ್ನೂ ಕರೆತಂದು ಊರ ಕಡೆಯ ಬದುವಿನ ಮೇಲೆ ನಿಲ್ಲಿಸಿದ. ತಾನು ಮಾತ್ರ ಮನೆಗಳ ಕಡೆಯ ಕೊನೆಯವರೆಗೂ ನಡೆದು ಹೋಗಿ, ಗಾಡಿ ಹೊರಡುವ ಜಾಗದಲ್ಲೇ ಅಡ್ಡ ನಿಂತ. ಸೌಜನ್ಯ ಬೀನ್ಸು ತುಂಬಿದ ಗಾಡಿಯನ್ನು ತಂದು ಅವನ ಮುಂದೆ ನಿಲ್ಲಿಸಿದಳು. ಪಕ್ಕದಲ್ಲಿ ಬೆಟ್ಟಮ್ಮ ಕೂತಿದ್ದಳು.

"ಈಗ ಅತ್ತುಸು ನೋಡನ," ಎಂದ ದೇವರಾಜು. "ಊರೋರೆಲ್ಲ ನೋಡ್ತಾವ್ರೆ. ಅನ್ನದ ಮ್ಯಾಲೆ ಗಾಲಿ ಅತ್ತುಸು."

ಸೌಜನ್ಯ ಎಂಜಿನ್ ಆರಿಸದೆ ಕೆಳಗಿಳಿದಳು. "ಎಲ್ಲಿ ಭಾವ ಅನ್ನ? ನೀವು ನಿಂತಿರೋ ಜಾಗದಲ್ಲಿ ಒಂದು ಪೈರು ತೋರ್ಸಿ."

ದೇವರಾಜು ಕೆಳಗೆ ನೋಡಿಕೊಂಡ. ಬದುವಿನ ಮೇಲಿದ್ದ ತಮ್ಮಯ್ಯ ಹುಬ್ಬಿಗೆ ಕೈ ಅಡ್ಡ ಹಿಡಿದು ನೋಡಿದ. ಎಡಕ್ಕೆ ಹಸಿರು, ಬಲಕ್ಕೆ ಹಸಿರು, ನಡುವಿನ ಪಟ್ಟಿಯಲ್ಲೂ ಹಸಿರು. ಆ ಹಸಿರಿನ ನಡುವೆ ಈ ಕೊನೆಯಿಂದ ಆ ಕೊನೆವರೆಗೂ ಗಾಲಿಯ ಅಗಲದ ಎರಡು ಬೋಳು ಗೆರೆ, ದಾರ ಹಿಡಿದು ಎಳೆದ ಹಾಗೆ. ಮೊದಲು ಅಲ್ಲಿ ದಾರಿ ಇತ್ತೋ ಇಲ್ಲವೋ ಎಂದು ವಾದ ಮಾಡಬಹುದಿತ್ತು. ಈಗ ಕುರುಡನೂ ಕೈ ತಡವಿ ಹೇಳುತ್ತಿದ್ದ. ಅವನ ರಾಗಿಯೇ ದಾರಿಯನ್ನು ಬರೆದಿಟ್ಟಿತ್ತು.

"ಒಂದು ಎಸಳೂ ತುಳಿದಿಲ್ಲ ಕಣ್ಲಾ ದೇವ್ರಾಜ," ಎಂದು ಕೂಗಿದ ತಮ್ಮಯ್ಯ. ಅಡ್ಡಗೋಡೆಯ ಮೇಲಿನ ದೀಪವನ್ನು ಕೊನೆಗೂ ಕೆಳಗಿಳಿಸಿದ.

ದೇವರಾಜುವಿನ ಮುಖ ಕಪ್ಪಿಟ್ಟಿತು. "ಅಂಗಾರೆ ಎಲ್ಲಾನೂ ಉತ್ಬುಡ್ತೀನಿ. ಟ್ರ್ಯಾಕ್ಟರ್ ತತ್ತೀನಿ ಇರು."

ಬೆಟ್ಟಮ್ಮ ಕಿಟಕಿಯಿಂದ ತಲೆ ಹೊರಗೆ ಹಾಕಿದಳು. ಚಿಕ್ಕಂದಿನಲ್ಲಿ ಅವನನ್ನು ಸೊಂಟದ ಮೇಲೆ ಹೊತ್ತು ತಿರುಗಿದವಳು ಅವಳು. "ಮೊಳ್ತ ರಾಗಿಗೆ ನೇಗ್ಲು ಹಾಕ್ತೀಯೇನ್ಲಾ? ಹಾಕು. ನಾನೂ ನೋಡ್ತೀನಿ, ಊರೂ ನೋಡ್ಲಿ."

ಅವನು ಹಿರಿಯರ ಕಡೆ ತಿರುಗಿದ. ಅವರೆಲ್ಲ ಅವನನ್ನೇ ನೋಡುತ್ತಿದ್ದರು. ಅವಳಿಗೆ ಹಾಕಿದ ಬೇಲಿಯೊಳಗೆ ತಾನೇ ನಿಂತಿದ್ದೇನೆ ಎಂದು ಅವನಿಗೆ ಆಗ ಹೊಳೆದಿರಬೇಕು.

ಸೌಜನ್ಯ ಗಾಡಿ ಹತ್ತಿದಳು. "ದಾರಿ ಬುಡಿ ಭಾವ, ಮಾರ್ಕೆಟ್ಟಿಗೆ ಹೊತ್ತಾಯ್ತು," ಎಂದು ಮೊದಲನೇ ಗೇರು ಹಾಕಿದಳು. ಗಾಡಿ ಮೆಲ್ಲನೆ ಉರುಳಿತು. ದೇವರಾಜು ಎಡಕ್ಕೆ ಸರಿಯಲು ಕಾಲೆತ್ತಿದ. ಅಲ್ಲಿ ರಾಗಿ. ಬಲಕ್ಕೆ ನೋಡಿದ. ಅಲ್ಲೂ ರಾಗಿ. ಎತ್ತಿದ ಕಾಲನ್ನು ಗಾಳಿಯಲ್ಲೇ ಒಂದು ಗಳಿಗೆ ಹಿಡಿದು, ಮತ್ತೆ ಅದೇ ಗೆರೆಯೊಳಗೆ ಇಟ್ಟ. ಎಷ್ಟಾದರೂ ಅವನೂ ರೈತನ ಮಗ.

ಆಮೇಲೆ ಅವನಿಗೆ ಬೇರೆ ಉಪಾಯವಿರಲಿಲ್ಲ. ಗಾಡಿಗೆ ಬೆನ್ನು ಹಾಕಿ, ಬೋಳು ಗೆರೆಯ ಮೇಲೆ, ಒಂದು ಹೆಜ್ಜೆಯ ಮುಂದೆ ಒಂದು ಹೆಜ್ಜೆ ಇಡುತ್ತಾ ಊರ ಕಡೆಗೆ ನಡೆಯತೊಡಗಿದ. ಸೌಜನ್ಯ ಹಾರನ್ ಮಾಡಲಿಲ್ಲ, ಅವಸರ ಮಾಡಲಿಲ್ಲ. ಹಿರಿಯರು ನೋಡುತ್ತಿದ್ದಂತೆ ದೇವರಾಜು ಆ ದಾರಿಯ ಉದ್ದಕ್ಕೂ ಮುಂದೆ ಮುಂದೆ ನಡೆದ, ಅವಳು ಅವನ ಹಿಂದೆ ಗಾಡಿ ಓಡಿಸಿಕೊಂಡು ಹೋದಳು.